ಸಹಿ ಕೇಳಿದ ತಪ್ಪಿಗೆ

(ನಮ್ಮ ಕನ್ನಡ ಸಮಯದಲ್ಲಿ ಪ್ರಸಾರವಾದ ಭಾಷಣ. ವೇಳೆ ಸಾಲದೆ ಅಂದು ಓದದೆ ಬಿಟ್ಟ ಭಾಗಗಳನ್ನೂ ಕೇಳುಗರ ಕೋರಿಕೆಯಂತೆ ಇಲ್ಲಿ ಸೇರಿಸಿದೆ.)



ಮಾತುಂಗಾದಿಂದ ನಮಗೆ ತಪ್ಪದೆ ಫೋನ್ ಮಾಡುವ ಹಿರಿಯರೊಬ್ಬರಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದವರು. ಲೆಕ್ಕದಲ್ಲಿ ಒಂದು ಪೈಸೆ ಆಚೀಚೆಯಾದರೂ ಬಿಡುವವರಲ್ಲ. ಅವರು ಮೊನ್ನೆ ಕೇಳಿದರು: “ನೋಡಮ್ಮಾ, ಇರಾನಿನಲ್ಲಿ ಯಾರೋ ಹೆಣ್ಣುಮಗಳಿಗೆ ಹತ್ತು ವರ್ಷ ಜೈಲು, ಇನ್ನೊಬ್ಬಳಿಗೆ ಹದಿನಾರು ವರ್ಷ ಜೈಲು ಅಂತ ಸುದ್ದಿಯಲ್ಲಿ ಹೇಳ್ತಾರೆ. ಅದರ ಹಿಂದೆಯೇ ಕ್ರಿಕೆಟ್ ಸ್ಕೋರು. ಆಕೆ ಮಾಡಿದ ತಪ್ಪಾದರೂ ಏನು ಅಂತ ಯಾರೂ ಹೇಳೋದಿಲ್ಲ. ಮೊತ್ತ ಬರೆದು, ಯಾತಕ್ಕೆ ಅಂತ ಬರೆಯದ ವೋಚರ್ ಇದ್ದ ಹಾಗೆ!”

ಐದು ನಿಮಿಷದ ವಾರ್ತೆಯಲ್ಲಿ ಅದಕ್ಕೆ ಜಾಗವಿರುವುದಿಲ್ಲ. ಇವತ್ತು ನಮಗೆ ಕಾಲು ಗಂಟೆ ಸಿಕ್ಕಿದೆ. ಆ ಹಿರಿಯರ ಪ್ರಶ್ನೆಯನ್ನೇ ಹಿಡಿದುಕೊಂಡು ಹೊರಡೋಣ. ಹೆಣ್ಣುಮಕ್ಕಳ ಹಕ್ಕು ಕೇಳಿ ಜೈಲು ಸೇರಿದವರು ನಿಜವಾಗಿ ಮಾಡಿದ್ದೇನು? ಸರ್ಕಾರ ಅದಕ್ಕೆ ಇಟ್ಟ ಹೆಸರೇನು?

2006ರ ಆಗಸ್ಟ್ ತಿಂಗಳು. ಊರು ಟೆಹರಾನ್. ಕಾನೂನು ಹೆಂಗಸರ ಬದುಕಿನ ಮೇಲೆ ಏನು ಪರಿಣಾಮ ಮಾಡುತ್ತದೆ ಎಂಬ ಬಗ್ಗೆ ಒಂದು ವಿಚಾರಸಂಕಿರಣ ಏರ್ಪಾಟಾಗಿತ್ತು. ಕೊನೆಗಳಿಗೆಯಲ್ಲಿ ಅದಕ್ಕೆ ತಡೆ ಬಂತು. ಬಂದವರು ವಾಪಸು ಹೋಗಲಿಲ್ಲ, ಹೊರಗೆ ಬೀದಿಯಲ್ಲೇ ಸೇರಿದರು. ಆ ದಿನ, ಆಗಸ್ಟ್ 27ರಂದು, ಅಲ್ಲಿ ಶುರುವಾದದ್ದೇ ‘ಹತ್ತು ಲಕ್ಷ ಸಹಿ’ ಅಭಿಯಾನ. ಮೊರಾಕ್ಕೋ ದೇಶದ ಹೆಂಗಸರು 1992ರಲ್ಲಿ ಇಂಥದ್ದೇ ಒಂದು ಸಹಿ ಸಂಗ್ರಹ ಮಾಡಿದ್ದರು. ಇರಾನಿನವರಿಗೆ ಅದೇ ಮಾದರಿ.

ಅವರು ಕೇಳಿದ್ದು ಬಹಳ ಸರಳ. ಇರಾನಿನಲ್ಲಿ 1967ರ ಹೊತ್ತಿಗೇ ಕುಟುಂಬ ರಕ್ಷಣೆಯ ಕಾನೂನೊಂದು ಬಂದಿತ್ತು. ವಿಚ್ಛೇದನ, ಮಕ್ಕಳ ಪಾಲನೆ ಮೊದಲಾದ ವಿಷಯಗಳಲ್ಲಿ ಹೆಂಡತಿಗೂ ಅದು ಒಂದಷ್ಟು ನೆಲೆ ಕೊಟ್ಟಿತ್ತು. 1979ರ ಕ್ರಾಂತಿಯಾದ ಮೇಲೆ ಅದು ಮೂಲೆಗೆ ಸರಿಯಿತು. ಆಮೇಲಿನ ಕಾನೂನಿನಲ್ಲಿ ಮಗಳಿಗೆ ಆಸ್ತಿ ಮಗನಿಗಿಂತ ಅರ್ಧ. ಹಲವು ಮೊಕದ್ದಮೆಗಳಲ್ಲಿ ಹೆಂಗಸಿನ ಸಾಕ್ಷಿಗೆ ಗಂಡಸಿನ ಸಾಕ್ಷಿಯ ಅರ್ಧ ಬೆಲೆ. ಯಾರಾದರೂ ಕೊಲೆಯಾದರೆ ಮನೆಯವರಿಗೆ ಕೊಡುವ ಪರಿಹಾರವೂ ಸತ್ತವಳು ಹೆಣ್ಣಾದರೆ ಅರ್ಧ. ಮದುವೆಯಾದವಳು ಪಾಸ್‌ಪೋರ್ಟ್ ಮಾಡಿಸಬೇಕಾದರೆ ಗಂಡ ಒಪ್ಪಬೇಕು. ಇನ್ನೊಂದು ವಿಚಿತ್ರ ಕೇಳಿ. ಎಲ್ಲ ಕಡೆಯೂ ಅರ್ಧ ಎಣಿಸಿಕೊಳ್ಳುವ ಹೆಣ್ಣು, ಅಪರಾಧ ಮಾಡಿದರೆ ಮಾತ್ರ ಗಂಡಿಗಿಂತ ಬೇಗ ಪೂರ್ತಿ ಮನುಷ್ಯಳಾಗುತ್ತಾಳೆ. ಗಂಡುಹುಡುಗನನ್ನು ಹದಿನೈದು ತುಂಬಿದ ಮೇಲೆ ಶಿಕ್ಷೆಗೆ ಅರ್ಹ ಎನ್ನುತ್ತಿದ್ದ ಕಾನೂನು ಹೆಣ್ಣುಹುಡುಗಿಗೆ ಒಂಬತ್ತೇ ಸಾಕು ಎಂದಿತ್ತು!

ಇವನ್ನು ಬದಲಾಯಿಸಿ ಎಂದು ಸಂಸತ್ತಿಗೆ ಒಂದು ಅರ್ಜಿ ಕೊಡಬೇಕು, ಅದರ ಕೆಳಗೆ ಹತ್ತು ಲಕ್ಷ ಜನರ ಸಹಿ ಇರಬೇಕು. ಅಷ್ಟೇ ಅಭಿಯಾನ. ನಮ್ಮ ಬೇಡಿಕೆಗಳು ಇಸ್ಲಾಂ ಧರ್ಮಕ್ಕೆ ವಿರುದ್ಧವಲ್ಲ ಎಂದು ಅವರು ಮೊದಲಿಗೇ ಹೇಳಿಕೊಂಡಿದ್ದರು. ಪರಿಹಾರದ ಹಣ ಇಬ್ಬರಿಗೂ ಸಮನಾಗಿರಬೇಕು ಎಂದು ಯೂಸುಫ್ ಸಾನೆಯಿ ಅವರಂಥ ಹಿರಿಯ ಧರ್ಮಗುರುಗಳೇ ಹೇಳಿದ್ದರು.

ನನಗೆ ಬಹಳ ಹಿಡಿಸಿದ್ದು ಅವರು ಸಹಿ ಕೇಳುತ್ತಿದ್ದ ರೀತಿ. ವೇದಿಕೆ ಇಲ್ಲ, ಧ್ವನಿವರ್ಧಕ ಇಲ್ಲ. ಕೈಯಲ್ಲಿ ಒಂದು ಸಣ್ಣ ಪುಸ್ತಿಕೆ. ಬಸ್ಸಿನಲ್ಲಿ, ಪಾರ್ಕಿನಲ್ಲಿ, ಮೆಟ್ರೋ ರೈಲಿನ ಹೆಂಗಸರ ಡಬ್ಬಿಯಲ್ಲಿ, ಬ್ಯೂಟಿ ಪಾರ್ಲರಿನಲ್ಲಿ ಪಕ್ಕಕ್ಕೆ ಕುಳಿತವರ ಜತೆ ಮಾತು. ಮುಂಬಯಿಯ ಲೋಕಲ್ಲಿನಲ್ಲಿ ಓಡಾಡುವ ನಮ್ಮ ಹೆಣ್ಣುಮಕ್ಕಳಿಗೆ ಇದರ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಠಾಣೆಯಿಂದ ದಾದರಿಗೆ ಬರುವಷ್ಟರಲ್ಲಿ ಪಕ್ಕದವಳ ಸೊಸೆಯ ವಿಷಯ, ಮಗಳ ಮದುವೆಯ ವಿಷಯ ಎಲ್ಲ ತಿಳಿದಿರುತ್ತದಲ್ಲ, ಹಾಗೆ. “ನಿಮಗೆ ಗೊತ್ತೇ, ನಾಳೆ ನಿಮ್ಮ ಗಂಡ ಬೇಡ ಎಂದರೆ ಮಕ್ಕಳು ಯಾರ ಹತ್ತಿರ ಇರುತ್ತಾರೆ?” ಎಂಬಂಥ ಪ್ರಶ್ನೆಯಿಂದ ಮಾತು ಶುರು. ಎಷ್ಟೋ ಹೆಂಗಸರಿಗೆ ತಮ್ಮ ದೇಶದ ಕಾನೂನು ತಮ್ಮ ಬಗ್ಗೆ ಏನು ಹೇಳುತ್ತದೆಂಬುದೇ ತಿಳಿದಿರುತ್ತಿರಲಿಲ್ಲ. ಸಹಿ ಹಾಕಿದರೆ ಸಂತೋಷ. ಹಾಕದಿದ್ದರೂ ಪುಸ್ತಿಕೆ ಕೈಸೇರಿತು, ಮಾತು ಕಿವಿಗೆ ಬಿತ್ತು. ಗಂಡಸರೂ ಸಹಿ ಹಾಕಿದರು, ಗಂಡಸರೂ ಸಹಿ ಸಂಗ್ರಹಿಸಿದರು.

ಸರ್ಕಾರಕ್ಕೆ ತೊಂದರೆಯಾದದ್ದು ಇಲ್ಲೇ ಎಂದು ನನ್ನ ಅಭಿಪ್ರಾಯ. ಮೆರವಣಿಗೆಯನ್ನಾದರೆ ಲಾಠಿ ಬೀಸಿ ಚದುರಿಸಬಹುದು. 2006ರ ಜೂನ್ 12ರಂದು ಟೆಹರಾನಿನ ಹಫ್ತೆ ತೀರ್ ಚೌಕದಲ್ಲಿ ಹಾಗೇ ಮಾಡಿದ್ದರು. 70 ಜನರನ್ನು ಹಿಡಿದಿದ್ದರು. ಆದರೆ ಬಸ್ಸಿನಲ್ಲಿ ಇಬ್ಬರು ಹೆಂಗಸರು ಮಾತಾಡುವುದನ್ನು ಹೇಗೆ ಚದುರಿಸುವುದು?

ಅದಕ್ಕೂ ಕಾನೂನಿನಲ್ಲಿ ದಾರಿಯಿತ್ತು. ಇರಾನಿನ ದಂಡಸಂಹಿತೆಯಲ್ಲಿ 500ನೆಯ ಕಲಮು ಎಂದೊಂದಿದೆ: ‘ವ್ಯವಸ್ಥೆಯ ವಿರುದ್ಧ ಪ್ರಚಾರ’. ಒಂದು ವರ್ಷದವರೆಗೆ ಜೈಲು. 610ನೆಯ ಕಲಮು ಇನ್ನೂ ದೊಡ್ಡದು: ದೇಶದ ಭದ್ರತೆಗೆ ವಿರುದ್ಧವಾಗಿ ‘ಗುಂಪು ಸೇರಿ ಒಳಸಂಚು’. ಎರಡರಿಂದ ಐದು ವರ್ಷ. ಗುಂಪು ಎಂದರೆ ಎಷ್ಟು ಜನ? ಇಬ್ಬರಾದರೆ ಸಾಕು. ಪಾರ್ಕಿನ ಬೆಂಚು, ಒಂದು ಪುಸ್ತಿಕೆ, ಇಬ್ಬರು ಹೆಂಗಸರು. ಸಂಚು ಸಿದ್ಧವಾಯಿತು!

ಹೀಗೆ ಸಹಿ ಸಂಗ್ರಹಿಸುವವರನ್ನು ಪಾರ್ಕುಗಳಿಂದ, ಮೆಟ್ರೋ ರೈಲುಗಳಿಂದ ಹಿಡಿದುಕೊಂಡು ಹೋದರು. 2007ರ ಮಾರ್ಚ್ 4ರಂದು, ಮಹಿಳಾ ದಿನಕ್ಕೆ ನಾಲ್ಕು ದಿನ ಮೊದಲು, ಟೆಹರಾನಿನ ನ್ಯಾಯಾಲಯವೊಂದರ ಮುಂದೆ ಒಂದೇ ಸಲಕ್ಕೆ 33 ಹೆಂಗಸರನ್ನು ಬಂಧಿಸಿದರು. ಒಳಗೆ ತಮ್ಮ ಗೆಳತಿಯರ ವಿಚಾರಣೆ ನಡೆಯುತ್ತಿತ್ತು ಎಂದು ಹೊರಗೆ ನಿಂತವರು ಅವರು. ಅಭಿಯಾನದ ಮುಂದಾಳುಗಳಲ್ಲಿ ಒಬ್ಬರಾದ ಪತ್ರಕರ್ತೆ ಪರ್ವೀನ್ ಅರ್ದಲಾನ್ ಅವರಿಗೆ ಸ್ವೀಡನ್ನಿನ ಓಲೋಫ್ ಪಾಲ್ಮೆ ಪ್ರಶಸ್ತಿ ಬಂತು. 2008ರ ಮಾರ್ಚಿನಲ್ಲಿ ಅದನ್ನು ಸ್ವೀಕರಿಸಲು ಹೊರಟರೆ, ವಿಮಾನ ಹತ್ತಿದವರನ್ನು ಕೆಳಗಿಳಿಸಿ ಪಾಸ್‌ಪೋರ್ಟ್ ಕಿತ್ತುಕೊಂಡರು. ಅದೇ ವರ್ಷ ಅವರಿಗೂ ಇನ್ನು ಮೂವರು ಜತೆಗಾರ್ತಿಯರಿಗೂ ಆರು ತಿಂಗಳ ಶಿಕ್ಷೆ ವಿಧಿಸಲಾಯಿತು. ಕಾರಣ, ಅವರು ಬರೆದ ಲೇಖನಗಳು.

ಕಾಲೇಜಿನಲ್ಲಿ ಕನ್ನಡ ಓದಿದವಳಾದ್ದರಿಂದ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಸಹಿ, ಅರ್ಜಿ, ಕಾನೂನು, ವಕೀಲ, ಜಾಮೀನು, ಕೈದಿ, ದಸ್ತಗಿರಿ. ಇವೆಲ್ಲ ಅರಬ್ಬಿ, ಫಾರಸಿಗಳಿಂದ ಕನ್ನಡಕ್ಕೆ ಬಂದ ಮಾತುಗಳು. ಬಿಜಾಪುರದ ಆದಿಲಶಾಹಿ, ಆಮೇಲೆ ಮೈಸೂರಿನ ಹೈದರ್, ಟಿಪ್ಪುವಿನ ಆಡಳಿತ ಎಲ್ಲ ಕಡೆ ಫಾರಸಿಯ ಓಡಾಟವಿತ್ತಲ್ಲ. ‘ದಸ್ತ್’ ಎಂದರೆ ಕೈ. ದಸ್ತಗಿರಿ ಎಂದರೆ ಕೈಹಿಡಿದು ಸೆರೆಮಾಡುವುದು. ಟೆಹರಾನಿನವರು ಬಂಧನಕ್ಕೆ ಇವತ್ತಿಗೂ ಅದೇ ಮಾತು ಬಳಸುತ್ತಾರೆ. ಈ ಕಥೆಯನ್ನು ಹೇಳಲು ನನಗೆ ಬೇಕಾದ ಶಬ್ದಗಳು ಎಂದೋ ಅಲ್ಲಿಂದಲೇ ನಮ್ಮ ಹಳ್ಳಿಯ ಶಾನುಭೋಗರ ದಫ್ತರದವರೆಗೂ ಬಂದು ಕುಳಿತಿವೆ.

ಆ ಸಹಿಗಳಿಂದ ಏನಾದರೂ ಆಯಿತೇ ಎಂದು ಕೇಳಬಹುದು. ಹತ್ತು ಲಕ್ಷ ಸಹಿಯ ಅರ್ಜಿ ಅಂದುಕೊಂಡಂತೆ ಕಾನೂನನ್ನು ಬದಲಿಸಲಿಲ್ಲ. ಆದರೂ 2008ರಲ್ಲಿ ಮೊದಲ ಹೆಂಡತಿಯ ಒಪ್ಪಿಗೆಯಿಲ್ಲದೆ ಎರಡನೆಯ ಮದುವೆಗೆ ದಾರಿಮಾಡುವ ಕಲಮೊಂದು ಸಂಸತ್ತಿಗೆ ಬಂದಾಗ ಹೆಂಗಸರ ಗದ್ದಲಕ್ಕೆ ಮಣಿದು ಅದನ್ನು ಕೈಬಿಡಬೇಕಾಯಿತು. ಬೀದಿಬೀದಿಯಲ್ಲಿ ಆಡಿದ ಮಾತು ಪೂರಾ ವ್ಯರ್ಥವಾಗಿರಲಿಲ್ಲ.

ಇನ್ನು ವಕೀಲರ ಸರದಿ. ಇಂಥ ಸರ್ಕಾರಗಳ ಕೆಲಸದಲ್ಲಿ ಒಂದು ಕ್ರಮವಿದೆ. ಮೊದಲು ಕೇಳಿದವರನ್ನು ಹಿಡಿಯುವುದು, ಆಮೇಲೆ ಅವರ ಪರವಾಗಿ ವಾದಿಸಿದವರನ್ನು, ಆಮೇಲೆ ಆ ಸುದ್ದಿ ಬರೆದವರನ್ನು.

ಶಿರಿನ್ ಇಬಾದಿ ಅವರ ಹೆಸರನ್ನು ನೀವೆಲ್ಲ ಕೇಳಿದ್ದೀರಿ. 2003ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. ಕ್ರಾಂತಿಗೆ ಮೊದಲು ಅವರು ಟೆಹರಾನಿನಲ್ಲಿ ನ್ಯಾಯಾಧೀಶೆ. ಕ್ರಾಂತಿಯಾದ ಮೇಲೆ ಹೆಂಗಸರು ನ್ಯಾಯಪೀಠದಲ್ಲಿ ಕೂರಬಾರದು ಎಂದಾಯಿತು. ತಾವೇ ಅಧ್ಯಕ್ಷತೆ ವಹಿಸಿದ್ದ ನ್ಯಾಯಾಲಯದಲ್ಲಿ ಅವರನ್ನು ಗುಮಾಸ್ತೆಯಾಗಿ ಹಾಕಿದರು. 1992ರಲ್ಲಿ ವಕೀಲಿಯ ಪರವಾನಗಿ ಸಿಕ್ಕಿತು. ಅವರು ಕಟ್ಟಿದ ಮಾನವ ಹಕ್ಕುಗಳ ರಕ್ಷಕರ ಕೇಂದ್ರಕ್ಕೆ 2008ರ ಡಿಸೆಂಬರಿನಲ್ಲಿ ಬೀಗ ಬಿತ್ತು. 2009ರಿಂದ ಅವರು ದೇಶದ ಹೊರಗೇ ಉಳಿದರು.

ಸಹಿ ಅಭಿಯಾನದ ಎಷ್ಟೋ ಮಂದಿಯ ಪರವಾಗಿ ನಿಂತ ಇನ್ನೊಬ್ಬ ವಕೀಲೆ ನಸ್ರೀನ್ ಸೊತೂದೆ. 2010ರ ಸೆಪ್ಟೆಂಬರಿನಲ್ಲಿ ಅವರನ್ನು ಬಂಧಿಸಿದಾಗ ಮಗನಿಗೆ ಮೂರೇ ವರ್ಷ. ಹನ್ನೊಂದು ವರ್ಷ ಜೈಲು, ಇಪ್ಪತ್ತು ವರ್ಷ ವಕೀಲಿ ಮಾಡುವಂತಿಲ್ಲ ಎಂಬ ತೀರ್ಪು. ಮೇಲ್ಮನವಿಯಲ್ಲಿ ಜೈಲುವಾಸ ಆರು ವರ್ಷಕ್ಕೆ ಇಳಿಯಿತು. ಟೆಹರಾನಿನ ಉತ್ತರಕ್ಕೆ, ಬೆಟ್ಟದ ಬುಡದಲ್ಲಿರುವ ಎವಿನ್ ಜೈಲಿನಿಂದ ಅವರು ಮಕ್ಕಳಿಗೆ ಬರೆದ ಕಾಗದಗಳಲ್ಲಿ ಕೆಲವು ಟಿಶ್ಯೂ ಕಾಗದದ ಮೇಲೆ ಬರೆದವು.

ಈ ಮಹಿಳೆಯ ಒಂದು ಸಂಗತಿಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. 2012ರಲ್ಲಿ ಸರ್ಕಾರ ಅವರ ಶಾಲೆಗೆ ಹೋಗುವ ಮಗಳ ಮೇಲೆ ದೇಶ ಬಿಟ್ಟು ಹೋಗಬಾರದೆಂಬ ನಿರ್ಬಂಧ ಹಾಕಿತು. ಹದಿಮೂರರ ಆಸುಪಾಸಿನ ಹುಡುಗಿ! ಆಕೆಯ ಮೇಲೆ ಯಾವ ಕಲಮು? ತಾಯಿ ತನ್ನ ಶಿಕ್ಷೆಯ ಬಗ್ಗೆ ಉಪವಾಸ ಕೂರಲಿಲ್ಲ, ಮಗಳ ಮೇಲಿನ ನಿರ್ಬಂಧಕ್ಕಾಗಿ ಕುಳಿತರು. ನಲವತ್ತೊಂಬತ್ತು ದಿನ. ಡಿಸೆಂಬರಿನಲ್ಲಿ ಸರ್ಕಾರ ನಿರ್ಬಂಧ ತೆಗೆಯಿತು, ಅವರು ಊಟ ಮಾಡಿದರು. ಆ ವರ್ಷ ಯೂರೋಪಿನ ಸಂಸತ್ತು ಅವರಿಗೆ ಸಖರೋವ್ ಪ್ರಶಸ್ತಿ ಕೊಟ್ಟಿತ್ತು. 2013ರ ಸೆಪ್ಟೆಂಬರಿನಲ್ಲಿ ಬಿಡುಗಡೆ.

ಹೊರಬಂದವರು ಸುಮ್ಮನಿರಬಹುದಿತ್ತು. 2017ರ ಡಿಸೆಂಬರಿನಲ್ಲಿ ಟೆಹರಾನಿನ ಎಂಘೆಲಾಬ್ ಬೀದಿಯಲ್ಲಿ ಒಬ್ಬ ಯುವತಿ ರಸ್ತೆಬದಿಯ ಪೆಟ್ಟಿಗೆಯೊಂದರ ಮೇಲೆ ಹತ್ತಿ ನಿಂತು ತನ್ನ ತಲೆವಸ್ತ್ರವನ್ನು ಕೋಲಿಗೆ ಕಟ್ಟಿ ಹಿಡಿದಳು. ಆಮೇಲೆ ಬೇರೆಯವರೂ ಹಾಗೆ ನಿಂತರು. ಸಿಕ್ಕಿಬಿದ್ದ ಅಂಥ ಹೆಣ್ಣುಮಕ್ಕಳ ವಕಾಲತ್ತು ವಹಿಸಿದವರು ಮತ್ತೆ ಇದೇ ನಸ್ರೀನ್. 2018ರ ಜೂನ್‌ನಲ್ಲಿ ಅವರ ಎರಡನೆಯ ಬಂಧನವಾಯಿತು. 2019ರ ಮಾರ್ಚಿನಲ್ಲಿ ಹೊರಬಿದ್ದ ಲೆಕ್ಕ: ಒಟ್ಟು 38 ವರ್ಷ ಸೆರೆವಾಸ ಮತ್ತು 148 ಛಡಿಯೇಟು.

ಮಾತುಂಗಾದ ಹಿರಿಯರಿಗಾಗಿ ಈ ಲೆಕ್ಕ ಬಿಡಿಸಿ ಹೇಳುತ್ತೇನೆ. ಹಳೆಯ ಶಿಕ್ಷೆಯೊಂದರ ಐದು ವರ್ಷ, ಹೊಸ ಆರೋಪಗಳಿಗೆ ಮೂವತ್ತಮೂರು ವರ್ಷ. ಹಲವು ಆರೋಪಗಳಿದ್ದರೆ ಅತಿ ದೀರ್ಘವಾದ ಶಿಕ್ಷೆಯೊಂದನ್ನೇ ಅನುಭವಿಸಬೇಕೆಂಬುದು ಅಲ್ಲಿನ ಕಾನೂನು. ಆ ಲೆಕ್ಕದಲ್ಲಿ ಹನ್ನೆರಡು ವರ್ಷ. ಆ ಹನ್ನೆರಡು ವರ್ಷದ ಆರೋಪ ಯಾವುದು ಗೊತ್ತೇ? ‘ಅನಾಚಾರಕ್ಕೆ, ವೇಶ್ಯಾವೃತ್ತಿಗೆ ಪ್ರಚೋದನೆ’. ತಲೆವಸ್ತ್ರ ತೆಗೆದವರ ಪರವಾಗಿ ನ್ಯಾಯಾಲಯದಲ್ಲಿ ನಿಂತ ವಕೀಲೆಗೆ ಕೊಟ್ಟ ಹೆಸರು ಅದು. ವೋಚರಿನ ಮೇಲೆ ‘ಯಾತಕ್ಕೆ’ ಎಂಬ ಜಾಗ ಖಾಲಿ ಇರಲಿಲ್ಲ. ಬರೆದದ್ದು ಸುಳ್ಳು, ಅಷ್ಟೇ.

ಈಗ ನರ್ಗೆಸ್ ಮೊಹಮ್ಮದಿ ಅವರಿಗೆ ಬರೋಣ. 1972ರಲ್ಲಿ ಝಂಜಾನ್ ಎಂಬ ಊರಿನಲ್ಲಿ ಹುಟ್ಟಿದವರು. ಭೌತಶಾಸ್ತ್ರ ಓದಿದರು, ಎಂಜಿನಿಯರ್ ಆಗಿ ಕೆಲಸ ಮಾಡಿದರು, ಪತ್ರಿಕೆಗಳಿಗೆ ಬರೆದರು. ಇಬಾದಿ ಅವರ ಕೇಂದ್ರದಲ್ಲಿ ಉಪಾಧ್ಯಕ್ಷೆಯಾಗಿದ್ದರು. ಹೆಣ್ಣುಮಕ್ಕಳ ಹಕ್ಕು, ಕೈದಿಗಳ ಹಕ್ಕು, ಮರಣದಂಡನೆ ಬೇಡವೆಂಬ ಹೋರಾಟ ಇವೇ ಅವರ ಕೆಲಸ. 2023ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಘೋಷಿಸಿದಾಗ ನೊಬೆಲ್ ಸಮಿತಿ ಓದಿದ ಲೆಕ್ಕವೂ ಒಂದು ಬ್ಯಾಂಕ್ ಪಾಸ್‌ಬುಕ್ಕಿನಂತೆ ಇತ್ತು: 13 ಸಲ ಬಂಧನ, 5 ಸಲ ಶಿಕ್ಷೆ, ಒಟ್ಟು 31 ವರ್ಷ, 154 ಛಡಿಯೇಟು. ಆಗ ಅವರು ಎವಿನ್ ಜೈಲಿನೊಳಗಿದ್ದರು.

ಅವರು ಬರೆದ ಪುಸ್ತಕವೊಂದರ ಹೆಸರು ‘ಬಿಳಿಯ ಹಿಂಸೆ’ ಎಂಬ ಅರ್ಥದ್ದು. ಒಂಟಿ ಕೋಣೆಯಲ್ಲಿ ಇರಿಸಲ್ಪಟ್ಟ ಮಹಿಳಾ ಕೈದಿಗಳನ್ನು ಮಾತಾಡಿಸಿ ಬರೆದ ಪುಸ್ತಕ. ಎವಿನ್ನಿನಲ್ಲಿ 209 ಎಂಬ ವಿಭಾಗವಿದೆ. ಅದು ಗುಪ್ತಚರ ಇಲಾಖೆಯ ಸುಪರ್ದಿನಲ್ಲಿತ್ತು. ಹೊಡೆತವಿಲ್ಲ, ಗಾಯವಿಲ್ಲ. ಇಕ್ಕಟ್ಟಾದ ಕೋಣೆ, ಸದಾ ಉರಿಯುವ ದೀಪ, ಹಗಲೋ ರಾತ್ರಿಯೋ ತಿಳಿಯದು. ಮನುಷ್ಯರ ದನಿ ಎಂದರೆ ವಿಚಾರಣೆ ಮಾಡುವವನದು ಮಾತ್ರ. ಹೊರಗಿನ ಸುದ್ದಿಯನ್ನು ಅವನು ಹೇಳಿದಷ್ಟೇ ನಂಬಬೇಕು. ನಿನ್ನನ್ನು ಎಲ್ಲರೂ ಮರೆತಿದ್ದಾರೆ ಎಂದು ಅವನು ಹೇಳಿದರೆ ಸುಳ್ಳು ಎನ್ನುವವರು ಯಾರು?

ದನಿಯ ವಿಷಯ ಬಂದರೆ ನಮ್ಮಂಥ ಉದ್ಘೋಷಕರ ಕಿವಿ ನಿಮಿರುತ್ತದೆ. ನಮ್ಮ ಅನ್ನವೇ ಅದರಲ್ಲಿದೆ ನೋಡಿ. ನರ್ಗೆಸ್ ಅವರಿಗೆ ಅವಳಿ ಮಕ್ಕಳು. ಗಂಡ ತಗಿ ರಹಮಾನಿ ತಾವೂ ವರ್ಷಗಟ್ಟಲೆ ಜೈಲಿನಲ್ಲಿದ್ದು 2012ರಲ್ಲಿ ಫ್ರಾನ್ಸಿಗೆ ಹೋದವರು. 2015ರಲ್ಲಿ ನರ್ಗೆಸ್ ಮತ್ತೆ ಸೆರೆಯಾದ ಮೇಲೆ, ಆಗ ಎಂಟು ವರ್ಷದ ಮಕ್ಕಳು ತಂದೆಯ ಬಳಿಗೆ ಹೋದರು. ಅಲ್ಲಿಂದ ಮುಂದೆ ತಾಯಿ ಮಕ್ಕಳಿಗೆ ಇದ್ದದ್ದು ಫೋನ್ ಒಂದೇ. ಅದನ್ನೂ ಎಷ್ಟೋ ಕಾಲ ಕೊಡಲಿಲ್ಲ. ಇದನ್ನು ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ. ಮಗುವಿನ ದನಿ ಕೇಳಬಾರದು ಎಂಬ ಶಿಕ್ಷೆ ಯಾವ ಕಲಮಿನಲ್ಲೂ ಇಲ್ಲ.

2023ರ ಡಿಸೆಂಬರ್ 10ರಂದು ನಾರ್ವೆಯ ಓಸ್ಲೋ ನಗರದಲ್ಲಿ ಪ್ರಶಸ್ತಿ ಪ್ರದಾನವಾಯಿತು. ವೇದಿಕೆಯ ಮೇಲೆ ಒಂದು ಖಾಲಿ ಕುರ್ಚಿ. ಹದಿನೇಳು ವರ್ಷದ ಮಗಳು, ಮಗ ತಾಯಿಯ ಭಾಷಣವನ್ನು ಫ್ರೆಂಚ್ ಭಾಷೆಯಲ್ಲಿ ಓದಿದರು. ಜೈಲಿನೊಳಗೆ ಬರೆದು ಗುಟ್ಟಾಗಿ ಹೊರಗೆ ಕಳಿಸಿದ ಭಾಷಣ. ಆ ಮಕ್ಕಳು ತಾಯಿಯ ಮುಖ ನೋಡಿ ಎಂಟು ವರ್ಷವಾಗಿತ್ತು. ಬೇರೆಯವರು ಬರೆದದ್ದನ್ನು ನಮ್ಮ ದನಿಯಲ್ಲಿ ಓದುವುದು ನಮಗೆ ದಿನದ ಕೆಲಸ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ನಮಗೆ ಅಭ್ಯಾಸ. ಆದರೆ ತಾಯಿ ಬರೆದ ‘ನಾನು’ ಎಂಬ ಮಾತನ್ನು ಮಗು ಓದಬೇಕಾಗಿ ಬಂದರೆ ಅದಕ್ಕೆ ಯಾವ ಅಭ್ಯಾಸ ಸಾಕಾದೀತು!

ಇರಾನಿನ ಪಕ್ಕದಲ್ಲೇ, ಕೊಲ್ಲಿಯ ಆಚೆ ದಡದಲ್ಲಿ ಸೌದಿ ಅರೇಬಿಯ. ಈ ಎರಡು ಸರ್ಕಾರಗಳಿಗೆ ಒಬ್ಬರನ್ನು ಕಂಡರೆ ಒಬ್ಬರಿಗಾಗದ ಕಾಲವಿತ್ತು. ಆಗಲೂ ಈ ಒಂದು ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರೇ. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಕೇಳುಗರಿಗೆ ರಿಯಾದ್, ಜೆಡ್ಡಾ ಹೊಸ ಹೆಸರುಗಳಲ್ಲ. ಅಲ್ಲಿನ ಮನೆಗಳಲ್ಲಿ ಡ್ರೈವರ್ ಕೆಲಸಕ್ಕೆ ನಮ್ಮ ದೇಶದಿಂದ ಅಷ್ಟೊಂದು ಜನ ಹೋಗಲು ಒಂದು ಕಾರಣ, ಆ ಮನೆಯ ಹೆಂಗಸರಿಗೆ ಕಾರು ಓಡಿಸಲು ಬಿಡುತ್ತಿರಲಿಲ್ಲ ಎಂಬುದು. ಲೈಸೆನ್ಸ್ ಕೊಡುತ್ತಲೇ ಇರಲಿಲ್ಲ. 1990ರ ನವೆಂಬರ್ 6ರಂದು 47 ಹೆಂಗಸರು ರಿಯಾದಿನಲ್ಲಿ ಸಾಲಾಗಿ ಕಾರು ಓಡಿಸಿದರು. ಪಾಸ್‌ಪೋರ್ಟ್ ಹೋಯಿತು, ಕೆಲವರ ಕೆಲಸವೂ ಹೋಯಿತು.

ಲೂಜೈನ್ ಅಲ್ ಹತ್ಲೂಲ್ ಎಂಬ ಯುವತಿ 2014ರಲ್ಲಿ ಎಮಿರೇಟ್ಸ್ ಕಡೆಯಿಂದ ಕಾರು ಓಡಿಸಿಕೊಂಡು ಸೌದಿಯ ಗಡಿಗೆ ಬಂದು 73 ದಿನ ಬಂಧನದಲ್ಲಿದ್ದಳು. ಮುಂದೆ ಸರ್ಕಾರವೇ ಮನಸ್ಸು ಬದಲಾಯಿಸಿತು. 2018ರ ಜೂನ್ 24ರಿಂದ ಹೆಂಗಸರು ಕಾರು ಓಡಿಸಬಹುದು ಎಂದಾಯಿತು. ಲೋಕವೆಲ್ಲ ಹೊಗಳಿತು. ಅದಕ್ಕೆ ಐದಾರು ವಾರ ಮೊದಲು, ಮೇ ತಿಂಗಳಿನಲ್ಲಿ, ಆ ಹಕ್ಕಿಗಾಗಿ ಹೋರಾಡಿದ ಲೂಜೈನ್ ಮತ್ತು ಅವಳ ಜತೆಯವರನ್ನು ಒಳಗೆ ಹಾಕಿದ್ದರು. ಕೊಡುವುದು ದೊರೆಯ ಔದಾರ್ಯವೆಂದೇ ಆಗಬೇಕು, ಕೇಳಿದ್ದರಿಂದ ಸಿಕ್ಕಿತು ಎಂದು ಯಾರೂ ತಿಳಿಯಬಾರದು. ಬೇರೆ ಅರ್ಥ ನನಗೆ ಹೊಳೆಯುವುದಿಲ್ಲ.

ಅವಳ ಆರೋಪಪಟ್ಟಿಯಲ್ಲಿದ್ದದ್ದು ಇವು: ವಿದೇಶಿ ಪತ್ರಕರ್ತರ, ರಾಯಭಾರಿಗಳ, ಮಾನವ ಹಕ್ಕು ಸಂಸ್ಥೆಗಳ ಸಂಪರ್ಕ, ವಿಶ್ವಸಂಸ್ಥೆಯಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದು. ಭಯೋತ್ಪಾದಕರಿಗೆಂದು ಇದ್ದ ವಿಶೇಷ ನ್ಯಾಯಾಲಯ 2020ರ ಡಿಸೆಂಬರಿನಲ್ಲಿ ಐದು ವರ್ಷ ಎಂಟು ತಿಂಗಳ ಶಿಕ್ಷೆ ಕೊಟ್ಟಿತು. ಅದರಲ್ಲಿ ಒಂದು ಭಾಗವನ್ನು ಅಮಾನತಿನಲ್ಲಿಟ್ಟಿತು. ಜೈಲಿನಲ್ಲಿ ಅವಳಿಗೆ ವಿದ್ಯುತ್ ಆಘಾತ ಕೊಟ್ಟರು, ಹೊಡೆದರು ಎಂದು ಮನೆಯವರು ಹೇಳಿದರು. ಸರ್ಕಾರ ಅಲ್ಲಗಳೆಯಿತು. ನನಗೆ ಹಿಂಸೆಯಾಗಿಲ್ಲ ಎಂದು ಕ್ಯಾಮೆರಾದ ಮುಂದೆ ಹೇಳಿದರೆ ಬಿಡುತ್ತೇವೆ ಎಂದು ಅವಳಿಗೆ ಹೇಳಿದ್ದರಂತೆ. ಅವಳು ಒಪ್ಪಲಿಲ್ಲವೆಂದು 2019ರಲ್ಲಿ ಒಡಹುಟ್ಟಿದವರು ತಿಳಿಸಿದರು. 2021ರ ಫೆಬ್ರವರಿ 10ರಂದು, 1001 ದಿನಗಳ ನಂತರ, ಮನೆಗೆ ಬಂದಳು. ಆದರೆ ದೇಶ ಬಿಟ್ಟು ಹೋಗುವ ಹಾಗಿರಲಿಲ್ಲ.

ಇದೆಲ್ಲ ದೂರದ ದೇಶಗಳ ಮಾತು, ನಮ್ಮಲ್ಲಿ ಹಾಗಿಲ್ಲ ಎಂದು ಕಿರಿಯರಿಗೆ ಅನ್ನಿಸೀತು. ಅರವತ್ತು ದಾಟಿದ ಕೇಳುಗರಿಗೆ 1975ರ ತುರ್ತು ಪರಿಸ್ಥಿತಿ ನೆನಪಿದೆ. ಬೆಲೆಯೇರಿಕೆಯ ವಿರುದ್ಧ ಮುಂಬಯಿಯ ಗೃಹಿಣಿಯರ ಕೈಗೆ ಲಟ್ಟಣಿಗೆ ಕೊಟ್ಟು ಬೀದಿಗಿಳಿಸಿದ ಮೃಣಾಲ್ ಗೋರೆ ಆಗ ಜೈಲಿನಲ್ಲಿದ್ದರು. ಪ್ರಮೀಳಾ ದಂಡವತೆ ಪುಣೆಯ ಯರವಡಾದಲ್ಲಿದ್ದರೆ ಅವರ ಪತಿ ಮಧು ದಂಡವತೆ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ. ಗಂಡ ಹೆಂಡಿರ ಸಂಸಾರ ಒಂದು ಜೈಲಿನಿಂದ ಇನ್ನೊಂದು ಜೈಲಿಗೆ ಬರೆದ ಪತ್ರಗಳಲ್ಲಿ ನಡೆಯಿತು. ಆಮೇಲೆ ಸಂಸದೆಯಾದ ಪ್ರಮೀಳಾ ಅವರು ಮಹಿಳಾ ಮೀಸಲಾತಿಗಾಗಿ ದುಡಿದದ್ದು ಬಹಳ ಜನಕ್ಕೆ ಗೊತ್ತು.

ಬೆಂಗಳೂರಿನ ಅದೇ ಜೈಲಿನಲ್ಲಿ ಸ್ನೇಹಲತಾ ರೆಡ್ಡಿ ಇದ್ದರು. ‘ಸಂಸ್ಕಾರ’ ಚಿತ್ರದ ಚಂದ್ರಿಯನ್ನು ಯಾರು ಮರೆತಾರು! ಅವರನ್ನು ಹಿಡಿದದ್ದು ಹೆಣ್ಣುಮಕ್ಕಳ ಹಕ್ಕಿನ ಹೋರಾಟಕ್ಕಲ್ಲ. ಜಾರ್ಜ್ ಫರ್ನಾಂಡಿಸ್ ಅವರ ಸ್ನೇಹಿತೆಯೆಂದು, ಬರೋಡಾ ಡೈನಮೈಟ್ ಪ್ರಕರಣದ ಅನುಮಾನದ ಮೇಲೆ 1976ರ ಮೇ ತಿಂಗಳಿನಲ್ಲಿ ಹಿಡಿದರು. ಕೊನೆಗೆ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೆ ಒಳಗೆ ಹೋದ ಮೇಲೆ ಅವರು ಮಾಡಿದ್ದು ಹೆಣ್ಣು ಕೈದಿಗಳ ಪರವಾದ ಕೆಲಸವೇ. ಬಡ ಹೆಂಗಸರನ್ನು ಹೊಡೆಯುವುದರ ವಿರುದ್ಧ, ಕೆಟ್ಟ ಊಟದ ವಿರುದ್ಧ ದನಿಯೆತ್ತಿದರು. ಅವರಿಗೆ ಉಬ್ಬಸದ ಕಾಯಿಲೆ. ಸರಿಯಾದ ಚಿಕಿತ್ಸೆ ಸಿಗಲಿಲ್ಲ. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು, 20ರಂದು ತೀರಿಕೊಂಡರು. ಅವರ ಜೈಲಿನ ದಿನಚರಿ ಆಮೇಲೆ ಪುಸ್ತಕವಾಗಿ ಬಂತು. ಆ ಜೈಲಿನ ಜಾಗದಲ್ಲಿ ಈಗ ಫ್ರೀಡಂ ಪಾರ್ಕ್ ಇದೆ.

ಕಾಯಿಲೆಯನ್ನೇ ಶಿಕ್ಷೆ ಮಾಡಿಕೊಳ್ಳುವ ಈ ಉಪಾಯ ಎವಿನ್ನಿನಲ್ಲೂ ಬಳಕೆಯಲ್ಲಿತ್ತು. ನರ್ಗೆಸ್ ಅವರಿಗೆ ಹೃದಯದ ತೊಂದರೆ. 2023ರ ನವೆಂಬರಿನಲ್ಲಿ, ನೊಬೆಲ್ ಘೋಷಣೆಯಾಗಿ ತಿಂಗಳಾದ ಮೇಲೆ, ತಲೆವಸ್ತ್ರ ಹೊದ್ದರೆ ಮಾತ್ರ ಆಸ್ಪತ್ರೆಗೆ ಕರೆದೊಯ್ಯುತ್ತೇವೆ ಎಂದರು. ಅವರು ಹೊದೆಯಲಿಲ್ಲ, ಉಪವಾಸ ಕುಳಿತರು. 2024ರ ಡಿಸೆಂಬರಿನಲ್ಲಿ ಕಾಲಿನ ಮೂಳೆಯ ಶಸ್ತ್ರಚಿಕಿತ್ಸೆಯಾದ ನಂತರ ಶಿಕ್ಷೆಯನ್ನು 21 ದಿನ ತಡೆಹಿಡಿದು ಮನೆಗೆ ಕಳಿಸಿದರು. ಆಂಬುಲೆನ್ಸಿನಿಂದ ಇಳಿಯುವಾಗಲೂ ತಲೆ ಬರಿದಾಗಿತ್ತು. ಅವಧಿ ಮುಗಿದರೂ ಅವರು ಒಂದು ವರ್ಷ ಹೊರಗೇ ಉಳಿದರು.

ಅವರು ಹೊರಗಿದ್ದಾಗಲೇ, 2025ರ ಜೂನ್ 23ರಂದು ಇಸ್ರೇಲಿನ ದಾಳಿ ಎವಿನ್ ಜೈಲಿನ ಮೇಲೂ ಬಿತ್ತು. ಅಲ್ಲಿದ್ದ ಹೆಂಗಸರನ್ನು ನಗರದ ದಕ್ಷಿಣಕ್ಕಿರುವ ಕರ್ಚಕ್ ಜೈಲಿಗೆ ಸಾಗಿಸಿದರು. ಹಿಂದೆ ಕೋಳಿ ಸಾಕುತ್ತಿದ್ದ ಜಾಗವಂತೆ ಅದು. ಒಳಗಿನ ಹೆಂಗಸರಿಗೆ ತಮ್ಮ ಸರ್ಕಾರದ ಬೀಗವೂ ತಪ್ಪಲಿಲ್ಲ, ಹೊರಗಿನವರ ಬಾಂಬೂ ತಪ್ಪಲಿಲ್ಲ.

ಸುದ್ದಿ ಬರೆದವರ ಸರದಿ ಬಾಕಿ ಇದೆ. 2022ರ ಸೆಪ್ಟೆಂಬರ್ 16ರಂದು, ತಲೆವಸ್ತ್ರ ಸರಿಯಾಗಿಲ್ಲವೆಂದು ಹಿಡಿದೊಯ್ದಿದ್ದ ಮಹ್ಸಾ ಅಮಿನಿ ಎಂಬ 22ರ ಹುಡುಗಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ‘ಹೆಣ್ಣು, ಬದುಕು, ಸ್ವಾತಂತ್ರ್ಯ’ ಎಂಬ ಘೋಷಣೆ ಆಗ ಎದ್ದದ್ದು. ಆಸ್ಪತ್ರೆಯಿಂದ ಸುದ್ದಿ ಮಾಡಿದ ನಿಲೂಫರ್ ಹಮೇದಿ, ಅಂತ್ಯಸಂಸ್ಕಾರದ ವರದಿ ಬರೆದ ಎಲಾಹೆ ಮೊಹಮ್ಮದಿ ಇಬ್ಬರೂ ಒಳಗೆ ಹೋದರು. ಒಂದು ವರ್ಷಕ್ಕೂ ಹೆಚ್ಚು ಕಾಲದ ನಂತರ, 2024ರ ಜನವರಿಯಲ್ಲಿ ಜಾಮೀನು ಸಿಕ್ಕಿತು. 2025ರಲ್ಲಿ ಕ್ಷಮಾದಾನ ಎಂದರು. ಮಾಡಿದ ತಪ್ಪಿಗಲ್ಲವೇ ಕ್ಷಮೆ?

2025ರ ಡಿಸೆಂಬರ್ 12ರಂದು ನರ್ಗೆಸ್ ಮಶ್ಹದ್ ಎಂಬ ನಗರಕ್ಕೆ ಹೋಗಿದ್ದರು. ಕೈದಿಗಳ ಪರ ವಾದಿಸುತ್ತಿದ್ದ ಖೊಸ್ರೊ ಅಲಿಕೊರ್ದಿ ಎಂಬ ವಕೀಲರು ತೀರಿಕೊಂಡಿದ್ದರು, ಅವರ ಸ್ಮರಣೆಯ ಸಭೆ. ಅಲ್ಲಿಯೇ ಅವರನ್ನು ಮತ್ತೆ ಹಿಡಿದರು. ಜತೆಗೆ ಹಿಡಿದವರಲ್ಲಿ ಸೆಪಿದೆ ಗೋಲಿಯಾನ್ ಇದ್ದರು. ಸಕ್ಕರೆ ಕಾರ್ಖಾನೆಯ ಕೂಲಿಗಾರರ ಮುಷ್ಕರದ ಸುದ್ದಿ ಹೊರಗೆ ಹಾಕಿದ್ದಕ್ಕೆ 2018ರಲ್ಲಿ ಮೊದಲ ಸಲ ಜೈಲು ಕಂಡ ಯುವತಿ. 2023ರ ಮಾರ್ಚಿನಲ್ಲಿ ಬಿಡುಗಡೆಯಾಗಿ ಎವಿನ್ನಿನ ಬಾಗಿಲಲ್ಲೇ ಘೋಷಣೆ ಕೂಗಿ, ಅದೇ ದಿನ ವಾಪಸು ಒಳಗೆ ಹೋದವಳು. ಆಕೆ ಜೈಲಿನಲ್ಲಿದ್ದಾಗ ಬರೆದ ಪುಸ್ತಕವೊಂದಿದೆ. ಹೆಂಗಸರ ವಿಭಾಗದಲ್ಲಿ ಕೈದಿಗಳು ಸೇರಿ ಕೇಕು, ಬಿಸ್ಕತ್ತು, ಸಿಹಿತಿಂಡಿ ಮಾಡಿಕೊಳ್ಳುತ್ತಿದ್ದ ಕಥೆಗಳು, ಹದಿನಾರು ಪಾಕವಿಧಾನಗಳ ಜತೆಗೆ. ಯಾರಿಗಾಗಿ ಮಾಡಿದ್ದು, ಅಂದು ಯಾರ ವಿಚಾರಣೆ ಇತ್ತು, ಯಾರು ಅತ್ತರು, ಯಾರು ನಕ್ಕರು ಎಲ್ಲ ಅದರಲ್ಲಿದೆ. ಅಡುಗೆ ಪುಸ್ತಕವೆಂದು ಕೊಂಡವರಿಗೂ ಮೋಸವಿಲ್ಲ, ಅಳತೆಗಳನ್ನು ಸರಿಯಾಗಿಯೇ ಕೊಟ್ಟಿದ್ದಾಳೆ.

ವೇಳೆ ಮುಗಿಯಿತು. ಈ ವಿಷಯದಲ್ಲಿ ನಿಮಗೆ ಹೇಳಬೇಕೆನಿಸಿದ್ದನ್ನು ಎಂದಿನಂತೆ ಅಂಚೆ ಕಾರ್ಡಿನಲ್ಲಿ ಬರೆಯಿರಿ, ಇಲ್ಲವೇ ಫೋನ್ ಮಾಡಿ. ಮುಂದಿನ ವಾರ ಇದೇ ಹೊತ್ತಿಗೆ ನಿಮ್ಮ ಪತ್ರಗಳೊಂದಿಗೆ ಬರುತ್ತೇನೆ.